ಮುಂಜಾನೆ ಗೋಡೆ ಬೆವರುವುದೇಕೆ?

ಕಾರಿನ ಹಿಂದೆ ಕಟ್ಟಿ ಎಳೆಯುವ, ಹನಿಯಾಕಾರದ ಮಲಗುವ ಗಾಡಿಯಾದ ಟಿಯರ್‌ಡ್ರಾಪ್ ಟ್ರೇಲರನ್ನು ಕೈಯಾರೆ ಕಟ್ಟಿಕೊಂಡವರಲ್ಲಿ ಒಂದು ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ರಾತ್ರಿ ಮಳೆಯೇ ಬಂದಿರುವುದಿಲ್ಲ. ಆದರೂ ಬೆಳಿಗ್ಗೆ ಏಳುವಾಗ ಒಳಗೋಡೆಯೆಲ್ಲ ಒದ್ದೆ, ಹಾಸಿಗೆಯ ಅಂಚು ತೇವ. ಛಾವಣಿ ಸೋರುತ್ತಿದೆಯೆಂದು ಭಾವಿಸಿ ಕಂಡ ಸಂದುಗಳಿಗೆಲ್ಲ ಸಿಲಿಕೋನ್ ಮೆತ್ತುತ್ತಾರೆ, ಮುಂದಿನ ಸಲ ಗೋಡೆ ಇನ್ನಷ್ಟು ಒದ್ದೆಯಾಗುತ್ತದೆ. ಆ ನೀರು ಹೊರಗಿನಿಂದ ಬಂದದ್ದಲ್ಲ, ಒಳಗೆ ಮಲಗಿದ್ದವರ ಉಸಿರಿನಿಂದಲೂ ಮೈಯಿಂದಲೂ ಬಂದದ್ದು. ಉಷ್ಣನಿರೋಧಕ ಗೋಡೆ ಇರುವುದು ಬೆಚ್ಚಗಿಡುವುದಕ್ಕೆ ಮಾತ್ರ ಎಂಬ ನಂಬಿಕೆಯೇ ಈ ತಪ್ಪಿನ ಮೂಲ.

1930ರ ದಶಕದ ಅಮೆರಿಕದಲ್ಲಿ ಬಳಕೆಗೆ ಬಂದ ಈ ಪುಟ್ಟ ಗಾಡಿಯಲ್ಲಿ ಇಬ್ಬರು ಮಲಗುವಷ್ಟೇ ಜಾಗ. ಹಿಂಬದಿಯ ಮುಚ್ಚಳ ಎತ್ತಿದರೆ ಅಡುಗೆಯ ಕಟ್ಟೆ. 4 ಅಡಿ ಅಗಲ, 8 ಅಡಿ ಉದ್ದದ ಪ್ಲೈವುಡ್ ಹಾಳೆಯೊಂದರಿಂದ ಒಂದು ಪಕ್ಕದ ಗೋಡೆಯನ್ನು ಕತ್ತರಿಸಿ ತೆಗೆಯಬಹುದಾದ್ದರಿಂದ ಅದರ ಅಳತೆಯೂ ಹೆಚ್ಚುಕಡಿಮೆ ಅಷ್ಟರಲ್ಲೇ ನಿಂತಿತು. ಒಳಗೆ ಹಿಡಿಸುವ ಗಾಳಿ ಸುಮಾರು 3 ಘನ ಮೀಟರ್. 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಷ್ಟು ಗಾಳಿ ಹೆಚ್ಚೆಂದರೆ 38 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಮಲಗಿರುವ ಒಬ್ಬರು ಗಂಟೆಗೆ ಸುಮಾರು 30ರಿಂದ 40 ಗ್ರಾಂ ನೀರಾವಿಯನ್ನು ಹೊರಬಿಡುತ್ತಾರೆ. ಇಬ್ಬರಿದ್ದು ಕಿಟಕಿ ಮುಚ್ಚಿದ್ದರೆ ಗಂಟೆ ತುಂಬುವ ಮೊದಲೇ ಗಾಳಿಯ ಸಾಮರ್ಥ್ಯ ಮುಗಿಯುತ್ತದೆ. ಉಳಿದ ಆವಿ ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಮೈ ಮೇಲೆ ಹನಿಗಟ್ಟುವಂತೆ, ಎಲ್ಲಿ ತಂಪು ಹೆಚ್ಚೋ ಅಲ್ಲಿ ಹನಿಗಟ್ಟುತ್ತದೆ.

ಆದ್ದರಿಂದ ಮುಖ್ಯವಾಗಿ ಕೇಳಬೇಕಾದದ್ದು ಒಳಗಿನ ಗಾಳಿ ಎಷ್ಟು ಬೆಚ್ಚಗಿದೆ ಎಂದಲ್ಲ, ಗೋಡೆಯ ಒಳಮೈ ಎಷ್ಟು ಬೆಚ್ಚಗಿದೆ ಎಂದು. ಹೊರಗೆ 5 ಡಿಗ್ರಿ, ಒಳಗೆ 15 ಡಿಗ್ರಿ ಇದೆ ಎಂದಿಟ್ಟುಕೊಂಡು ಲೆಕ್ಕ ಹಾಕೋಣ. ಗೋಡೆ ಬರೀ 6 ಮಿಲಿಮೀಟರ್ ಪ್ಲೈವುಡ್ ಆಗಿದ್ದರೆ ಅದರ ಒಳಮೈ ಸುಮಾರು 9 ಡಿಗ್ರಿಗೆ ಇಳಿದಿರುತ್ತದೆ. ಒಳಗಿನ ಸಾಪೇಕ್ಷ ಆರ್ದ್ರತೆ (ಗಾಳಿ ಹಿಡಿಯಬಲ್ಲ ಆವಿಯಲ್ಲಿ ತುಂಬಿರುವ ಪಾಲು) ಶೇಕಡಾ 70 ಇದ್ದಾಗ ಇಬ್ಬನಿ ಬಿಂದು, ಅಂದರೆ ಆವಿ ಹನಿಗಟ್ಟತೊಡಗುವ ತಾಪಮಾನ, 9.6 ಡಿಗ್ರಿ, ಎಂದರೆ ಆಗಲೇ ಗೋಡೆ ಬೆವರತೊಡಗಿರುತ್ತದೆ. ಎರಡು ತೆಳು ಪ್ಲೈವುಡ್‌ಗಳ ನಡುವೆ 19 ಮಿಲಿಮೀಟರ್ ದಪ್ಪದ ಎಕ್ಸ್‌ಪಿಎಸ್ (ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್) ಫೋಮ್ ಇಟ್ಟರೆ ಒಳಮೈ 13 ಡಿಗ್ರಿ ದಾಟುತ್ತದೆ, ಗೋಡೆ ಒಣಗಿಯೇ ಇರುತ್ತದೆ.

ಈ ಫೋಮ್ ನಮ್ಮ ಥರ್ಮಾಕೋಲ್‌ನಂತೆಯೇ ಪಾಲಿಸ್ಟೈರೀನ್‌ನಿಂದ ಆದದ್ದು. ಆದರೆ ಬಿಡಿ ಮಣಿಗಳನ್ನು ಅಂಟಿಸಿದ್ದಲ್ಲ, ಒಂದೇ ಮೈಯಾಗಿ ಹಿಂಡಿ ತೆಗೆದದ್ದು. ಸ್ವೀಡನ್ನಿನ ಕಾರ್ಲ್ ಮುಂಟರ್ಸ್ ಮೊದಲೇ ಕಂಡುಕೊಂಡಿದ್ದ ವಿಧಾನವನ್ನು ಅಮೆರಿಕದ ಡೌ ಕಂಪನಿ 1940ರ ದಶಕದಲ್ಲಿ ಬೆಳೆಸಿತು. ಅಲ್ಲಿನ ಕರಾವಳಿ ಕಾವಲು ಪಡೆ ಅದನ್ನು ಮೊದಲು ಬಳಸಿದ್ದು ಜೀವರಕ್ಷಕ ತೆಪ್ಪಕ್ಕೆ. ಮುಚ್ಚಿದ ಸೂಕ್ಷ್ಮ ಕೋಶಗಳೊಳಗೆ ನೀರು ನುಗ್ಗದು, ಅನಿಲ ಅಲುಗಾಡದು. ತೆಪ್ಪ ತೇಲುವುದಕ್ಕೂ ಗೋಡೆ ಶಾಖವನ್ನು ತಡೆಯುವುದಕ್ಕೂ ಈ ರಚನೆಯೇ ಕಾರಣ.

ಇನ್ನು ಮರದ ಚೌಕಟ್ಟಿನ ವಿಷಯ. ಬಾಗಿಲು, ಕಿಟಕಿ, ಛಾವಣಿಯ ಕಮಾನುಗಳಿಗೆ ಆಧಾರವಾಗಿ ಫೋಮಿನ ನಡುನಡುವೆ ಮರದ ಪಟ್ಟಿಗಳು ಇರಲೇಬೇಕು. ಆದರೆ ಮರ ಫೋಮಿಗಿಂತ ಸುಮಾರು ನಾಲ್ಕು ಪಟ್ಟು ಸಲೀಸಾಗಿ ಶಾಖವನ್ನು ದಾಟಿಸುತ್ತದೆ. ಮೇಲಿನ ಲೆಕ್ಕದಲ್ಲೇ ಪಟ್ಟಿಯ ಮೇಲಿನ ಒಳಮೈ 11.5 ಡಿಗ್ರಿಯಷ್ಟೇ. ಆರ್ದ್ರತೆ ಶೇಕಡಾ 85 ಮುಟ್ಟಿದಾಗ ಇಬ್ಬನಿ ಬಿಂದು 12.5ಕ್ಕೇರಿ, ಫೋಮ್ ಇರುವ ಭಾಗ ಒಣಗಿದ್ದು, ಪಟ್ಟಿ ಇರುವಲ್ಲಿ ಮಾತ್ರ ನೀರಿನ ಗೆರೆಗಳು ಮೂಡುತ್ತವೆ. ಮುಂಜಾನೆ ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದರೆ ಒಳಗಿನ ಅಸ್ಥಿಪಂಜರವೆಲ್ಲ ಹೊರಗೆ ಬರೆದಿಟ್ಟಂತೆ ಕಾಣುತ್ತದೆ; ಶಾಖ ಎಲ್ಲಿ ಸೋರುತ್ತಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಕ್ಷೆ ಬೇಕಿಲ್ಲ. ಪಟ್ಟಿಗಳನ್ನು ಅಗತ್ಯಕ್ಕಿಂತ ಅಗಲವಾಗಿ ಇಡಬಾರದು ಎನ್ನುವುದು ಇದಕ್ಕಾಗಿಯೇ. ಪ್ಲೈವುಡ್ ಫೋಮಿಗೆ ಪೂರ್ತಿ ಅಂಟಿಕೊಂಡಿದ್ದರೆ ಮೂರೂ ಪದರಗಳು ಒಂದಾಗಿ ಭಾರ ಹೊರುವುದರಿಂದ ಮರ ಕಡಿಮೆಯಾದರೂ ಗೋಡೆ ಬಾಗುವುದಿಲ್ಲ. ಅಂಟು ಪಾಲಿಯುರೆಥೇನ್ ಅಥವಾ ಎಪಾಕ್ಸಿ ಆಗಿರಲಿ. ದ್ರಾವಕ ಬೆರೆತ ಅಂಟು ಪಾಲಿಸ್ಟೈರೀನನ್ನು ಕರಗಿಸಿ ಗುಳಿ ಮಾಡಿಬಿಡುತ್ತದೆ.

ಹೊಳೆಯುವ ಫಾಯಿಲ್ ಹಾಳೆಯನ್ನು ಎರಡು ಪ್ಲೈವುಡ್‌ಗಳ ನಡುವೆ ಒತ್ತಿ ಕೂರಿಸಿದರೆ ಸಾಕೆಂಬ ಸಲಹೆಯನ್ನು ದಯವಿಟ್ಟು ನಂಬಬೇಡಿ. ಫಾಯಿಲ್ ತಡೆಯುವುದು ವಿಕಿರಣವನ್ನು. ಎದುರಿಗೆ ಗಾಳಿಯ ತೆರಪು ಇಲ್ಲದಿದ್ದರೆ ಅದಕ್ಕೆ ಮಾಡಲು ಕೆಲಸವೇ ಇಲ್ಲ.

ಗೋಡೆ ಎಷ್ಟೇ ಚೆನ್ನಾಗಿದ್ದರೂ ಆವಿಗೆ ಹೊರದಾರಿ ಬೇಕು. ಹೊರಗೆ ಮಂಜು ಕವಿದಿರುವಾಗ ಕಿಟಕಿ ತೆರೆದರೆ ಒಳಗೆ ತೇವ ಹೆಚ್ಚುತ್ತದೆ ಎಂದು ಅನೇಕರು ಹೆದರುತ್ತಾರೆ. 5 ಡಿಗ್ರಿಯ ಗಾಳಿ ಪೂರ್ತಿ ತೇವಗೊಂಡಿದ್ದರೂ ಅದರಲ್ಲಿರುವುದು ಘನ ಮೀಟರಿಗೆ 6.8 ಗ್ರಾಂ ನೀರಾವಿ ಮಾತ್ರ. ಒಳಗೆ ಬಂದು 15 ಡಿಗ್ರಿಗೆ ಬೆಚ್ಚಗಾದೊಡನೆ ಅದರ ಆರ್ದ್ರತೆ ಶೇಕಡಾ 50ರ ಆಸುಪಾಸಿಗೆ ಇಳಿಯುತ್ತದೆ. ನಿದ್ರಿಸುವ ಇಬ್ಬರ ಮೈಶಾಖ ಸುಮಾರು 150 ವ್ಯಾಟ್. ಫೋಮ್ ಗೋಡೆಯ ಗಾಡಿಯನ್ನು ಪೂರ್ತಿ ಮುಚ್ಚಿದರೆ ಆ ಶಾಖ ಒಳಗನ್ನು ಹೊರಗಿಗಿಂತ 11 ಡಿಗ್ರಿಯಷ್ಟು ಬೆಚ್ಚಗಿಡಬಲ್ಲದು. ಗಂಟೆಗೆ 17 ಘನ ಮೀಟರ್ ಗಾಳಿ ಆಡಲು ಬಿಟ್ಟರೆ 8 ಡಿಗ್ರಿ. ಬರೀ ಪ್ಲೈವುಡ್ ಗಾಡಿಯಲ್ಲಿ ಎಲ್ಲವನ್ನೂ ಮುಚ್ಚಿ ಮಲಗಿದರೂ ಸಿಗುವುದು 3 ಡಿಗ್ರಿ. ಛಾವಣಿಯ ಪುಟ್ಟ ಫ್ಯಾನನ್ನು ನಿಧಾನವಾಗಿ ಓಡಲು ಬಿಟ್ಟು, ಕಾಲಿನ ಕಡೆಯ ಕಿಟಕಿಯನ್ನು ಎರಡು ಬೆರಳಷ್ಟು ತೆರೆದಿಟ್ಟರೆ ಅಷ್ಟು ಗಾಳಿ ಸುಲಭವಾಗಿ ಆಡುತ್ತದೆ.