ಹದಿನಾರರ ಹುಡುಗ ಊರಿನ ಗ್ರೂಪಿಗೆ ಅಡ್ಮಿನ್ ಆಗಬಹುದೇ?

ಪ್ರಶ್ನೆ: ನಮ್ಮದು ಜಮಖಂಡಿ ಕಡೆಯ ಹೊಳೆದಂಡೆಯ ಊರು. ಊರಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ನೂರಾರು ಜನರಿದ್ದಾರೆ. ನನ್ನ ಮಗನಿಗೆ 16 ವರ್ಷ, ಪಿಯುಸಿ ಮೊದಲ ವರ್ಷ ಓದುತ್ತಿದ್ದಾನೆ. ಮೊಬೈಲ್ ಚೆನ್ನಾಗಿ ಗೊತ್ತಿದೆ ಎಂದು ಹಿರಿಯರು ಅವನನ್ನೇ ಅಡ್ಮಿನ್ ಮಾಡಲು ಹೊರಟಿದ್ದಾರೆ. ಇದಕ್ಕೆ ಇಷ್ಟು ವಯಸ್ಸಾಗಿರಲೇಬೇಕು ಎಂಬ ನಿಯಮವಿದೆಯೇ?

ಉತ್ತರ: ಅಡ್ಮಿನ್‌ಗೆಂದೇ ಬೇರೆ ವಯೋಮಿತಿಯನ್ನು ವಾಟ್ಸ್‌ಆ್ಯಪ್ ಇಟ್ಟಿಲ್ಲ. ಖಾತೆ ತೆರೆಯಲು 13 ತುಂಬಿರಬೇಕು, ಅಷ್ಟೇ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳಲ್ಲೂ ಅದೇ ಸಂಖ್ಯೆ. ಹಾಗಾಗಿ ನಿಮ್ಮ ಮಗನಿಗೆ ಕಂಪನಿಯ ಅಡ್ಡಿಯೇನೂ ಇಲ್ಲ.

ಆದರೆ ಆ 13 ಎಲ್ಲಿಂದ ಬಂತು ಎಂದು ನೋಡಿ. 13ಕ್ಕಿಂತ ಕಿರಿಯರ ಮಾಹಿತಿ ಸಂಗ್ರಹಿಸಲು ಪಾಲಕರ ಒಪ್ಪಿಗೆ ಬೇಕು ಎಂದು ಅಮೆರಿಕ 1998ರಲ್ಲಿ ಕಾನೂನು ಮಾಡಿತು. ಒಪ್ಪಿಗೆ ಪಡೆಯುವ ಗೊಡವೆಯೇ ಬೇಡವೆಂದು ಕಂಪನಿಗಳು ಆ ವಯಸ್ಸಿಗೇ ಬಾಗಿಲು ಹಾಕಿಕೊಂಡವು. ಹುಡುಗನಿಗೆ ಎಷ್ಟು ತಿಳಿವಳಿಕೆ ಬಂದಿರುತ್ತದೆ, ಎಷ್ಟು ಹೊರೆ ಹೊರಬಲ್ಲ ಎಂದು ಯಾರೂ ಅಳೆದು ಇಟ್ಟ ಗೆರೆ ಅದಲ್ಲ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸುತ್ತದೆ.

ವಿಕಿಪೀಡಿಯವನ್ನು ನಡೆಸುವ ಸಂಸ್ಥೆಯ ಪದ್ಧತಿ ನನಗೆ ಹೆಚ್ಚು ಸರಿ ಎನಿಸುತ್ತದೆ. ಅಲ್ಲಿ ಕೆಲಸ ನೋಡಿ ವಯಸ್ಸು ಗೊತ್ತು ಮಾಡುತ್ತಾರೆ. ಲೇಖನ ತಿದ್ದಲು ವಯಸ್ಸು ಕೇಳುವುದಿಲ್ಲ. ಬಳಕೆದಾರರ ಗೋಪ್ಯ ಮಾಹಿತಿ ಕಣ್ಣಿಗೆ ಬೀಳುವ ಹೊಣೆಗಳಿಗೆ ಮಾತ್ರ 18 ಆಗಿರಬೇಕು. ಓದುಗರ ಇಮೇಲ್‌ಗಳಿಗೆ ಉತ್ತರಿಸುವ ಸ್ವಯಂಸೇವಕರಿಗೆ 16 ಸಾಕು.

ಇನ್ನು ನಿಮ್ಮ ಊರಿನ ಮಾತು. ಮಹಾರಾಷ್ಟ್ರದಲ್ಲಿ ಮಳೆ ಜೋರಾಗಿ ಕೃಷ್ಣೆ ಏರುತ್ತಿರುವ ರಾತ್ರಿ ಎಂದುಕೊಳ್ಳಿ. ಯಾರೋ ಹಳೆಯ ಪ್ರವಾಹದ ವಿಡಿಯೊ ಹಾಕಿ, 'ಹಿಪ್ಪರಗಿ ಬ್ಯಾರೇಜಿನಿಂದ ಈಗಷ್ಟೇ ನೀರು ಬಿಟ್ಟಿದ್ದಾರೆ, ಊರು ಖಾಲಿ ಮಾಡಿ' ಎಂದು ಬರೆಯುತ್ತಾರೆ. ಅದನ್ನು ಉಳಿಸಬೇಕೋ ಅಳಿಸಬೇಕೋ ಎಂದು ಕ್ಷಣದಲ್ಲಿ ತೀರ್ಮಾನಿಸಬೇಕು. ನಿಜವಾದ ಎಚ್ಚರಿಕೆಯನ್ನು ಅಳಿಸಿದರೆ ಅನಾಹುತ, ಸುಳ್ಳನ್ನು ಉಳಿಸಿದರೆ ಗಾಬರಿ. ಅಡ್ಮಿನ್ ಒಂದು ಸಂದೇಶ ಅಳಿಸಿದರೆ, ಅಳಿಸಿದ್ದು ಯಾರು ಎಂದು ಆ ಜಾಗದಲ್ಲೇ ಎಲ್ಲರಿಗೂ ಕಾಣುತ್ತದೆ. ಮರುದಿನ ಬೆಳಿಗ್ಗೆ ಅದನ್ನು ಹಾಕಿದ ಹಿರಿಯರು ಮನೆ ಮುಂದೆ ಬಂದು, 'ನಿನ್ನ ಮಗ ನನಗೆ ಬುದ್ಧಿ ಕಲಿಸುತ್ತಾನೇನು?' ಎಂದು ತಂದೆಯನ್ನು ಕೇಳುತ್ತಾರೆ. ಕಾಕಾ ಎಂದು ಕರೆಯುವವರ ಮಾತನ್ನು ತೆಗೆದುಹಾಕುವ ಅಧಿಕಾರ ಕೊಟ್ಟು, ಸಿಟ್ಟನ್ನು ತಾಳಿಕೊಳ್ಳಲು ಹುಡುಗನೊಬ್ಬನನ್ನೇ ಬಿಡುವುದು ಅನ್ಯಾಯ. ನವೆಂಬರ್ 1 ಹತ್ತಿರ ಬಂದಾಗ ಬೆಳಗಾವಿ ಕಡೆಯಿಂದ ಹರಿದು ಬರುವ ಕನ್ನಡ-ಮರಾಠಿ ಕೆಣಕು ಮಾತುಗಳಿಗೂ ಇದೇ ಅನ್ವಯಿಸುತ್ತದೆ.

ಬೇರೆಯವರು ಹಾಕಿದ್ದಕ್ಕೆ ಅಡ್ಮಿನ್ ಜೈಲಿಗೆ ಹೋಗಬೇಕೇ ಎಂಬ ಹೆದರಿಕೆ ಹಲವರಿಗಿದೆ. ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಸದಸ್ಯರ ಸಂದೇಶಕ್ಕೆ ಹೊಣೆ ಮಾಡಲಾಗದು ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠವೂ, 2022ರಲ್ಲಿ ಕೇರಳ ಹೈಕೋರ್ಟೂ ಹೇಳಿವೆ. ತಾನೇ ಬರೆದದ್ದಕ್ಕೆ, ತಾನೇ ಫಾರ್ವರ್ಡ್ ಮಾಡಿದ್ದಕ್ಕೆ ಈ ರಕ್ಷಣೆ ಇಲ್ಲ.

ನನ್ನ ನಿಜವಾದ ಆತಂಕ ಬೇರೆ. ಇಂಥ ಗ್ರೂಪುಗಳಿಗೆ ಒಮ್ಮೊಮ್ಮೆ ಅಶ್ಲೀಲ ವಿಡಿಯೊ, ಅಪಘಾತದ ಶವದ ಚಿತ್ರ, ಯಾವುದೋ ಹೆಣ್ಣುಮಗಳ ಖಾಸಗಿ ಫೋಟೊ ಬಂದು ಬೀಳುತ್ತವೆ. ಉಳಿದವರ ಕಣ್ಣಿಗೆ ಬೀಳುವ ಮುನ್ನ ಅಳಿಸಬೇಕೆಂದರೆ ಅಡ್ಮಿನ್ ಅವನ್ನು ತೆರೆದು ನೋಡಲೇಬೇಕಾಗುತ್ತದೆ. ಆ ಕೆಲಸಕ್ಕೆ 18 ತುಂಬದ ಯಾರನ್ನೂ ಕೂರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮಕ್ಕಳ ಲೈಂಗಿಕ ದೃಶ್ಯವಂತೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಗಂಭೀರ ಅಪರಾಧ. 'ಸಾಕ್ಷಿಗಿರಲಿ' ಎಂದು ಹುಡುಗ ಅದನ್ನು ಇನ್ನೊಬ್ಬರಿಗೆ ಕಳಿಸಿದರೂ ತೊಂದರೆ ಅವನಿಗೇ ಸುತ್ತಿಕೊಳ್ಳುತ್ತದೆ. ಕಂಡ ಕೂಡಲೇ ಯಾರಿಗೂ ಕಳಿಸದೆ ಹಿರಿಯರಿಗೆ ಹೇಳಬೇಕು, ಅವರು ಪೊಲೀಸರಿಗೆ ತಿಳಿಸಬೇಕು. ಮಕ್ಕಳ ಸಹಾಯವಾಣಿ 1098 ಇದೆ.

ಹಾಗೆಂದು ಮಗನಿಗೆ ಬೇಡವೇ ಬೇಡ ಎನ್ನಬೇಡಿ. ಪ್ರವಾಹದ ಅಧಿಕೃತ ಪ್ರಕಟಣೆ ಹುಡುಕಿ ಕೊಡುವುದು, ಹಳೆಯ ವಿಡಿಯೊದ ಮೂಲ ಪತ್ತೆ ಮಾಡುವುದು, ವಯಸ್ಸಾದವರಿಗೆ ಆಟೊ ಡೌನ್‌ಲೋಡ್ ನಿಲ್ಲಿಸಲು ಕಲಿಸುವುದು, ಇವು ಅವನು ದೊಡ್ಡವರಿಗಿಂತ ಚೆನ್ನಾಗಿ ಮಾಡಬಲ್ಲ ಕೆಲಸಗಳು. ಇವುಗಳಿಗೆ ಅಡ್ಮಿನ್ ಪಟ್ಟ ಬೇಕಿಲ್ಲ. ಅಳಿಸುವುದು, ಹೊರಹಾಕುವುದು ಹದಿನೆಂಟು ದಾಟಿದ ಇಬ್ಬರ ಕೈಯಲ್ಲಿರಲಿ, ಅವರ ಹೆಸರು ಗ್ರೂಪಿನ ವಿವರಣೆಯಲ್ಲಿ ಇರಲಿ. ರಾತ್ರಿ ಹತ್ತರ ಮೇಲೆ ಅಡ್ಮಿನ್‌ಗಳಷ್ಟೇ ಸಂದೇಶ ಹಾಕುವಂತೆ ಅವರು ಸೆಟ್ಟಿಂಗ್ ಬದಲಿಸಬಹುದು. ಹಿರಿಯರಿಗೆ ಇದನ್ನೇ ಹೇಳಿ. ಹೆಸರು ಕೊಡಲು ಯಾರೂ ಮುಂದೆ ಬರದಿದ್ದರೆ ನಿಮ್ಮ ಮಗ ಒಪ್ಪಿಕೊಳ್ಳುವುದು ಬೇಡ.