ವಿಕಿರಣದ ಧೂಳು ಅಂಗಳಕ್ಕೆ ಬಿದ್ದರೆ

ಡರ್ಟಿ ಬಾಂಬ್ ಎಂದ ಕೂಡಲೇ ಜನರಿಗೆ ಹಿರೋಶಿಮಾ ನೆನಪಾಗುತ್ತದೆ. ಇವೆರಡು ಬೇರೆ ಬೇರೆ ಸಂಗತಿ. ಡರ್ಟಿ ಬಾಂಬಿನಲ್ಲಿ ಪರಮಾಣು ಒಡೆಯುವುದಿಲ್ಲ; ಮಾಮೂಲಿ ಸ್ಫೋಟಕವೊಂದು ವಿಕಿರಣಶೀಲ ವಸ್ತುವನ್ನು ಸುತ್ತಮುತ್ತ ಎರಚುತ್ತದೆ, ಅಷ್ಟೇ. ಹತ್ತಿರವಿದ್ದವರ ಜೀವ ಹೋಗುವುದು ಹೆಚ್ಚಾಗಿ ಸ್ಫೋಟದ ಹೊಡೆತಕ್ಕೆ. ಉಳಿದವರ ಪಾಲಿಗೆ ಬರುವುದು ಧೂಳು. ಉಗ್ರರು ಇಂಥದ್ದನ್ನು ಸಿಡಿಸಿದ ದಾಖಲೆ ಇಲ್ಲ. 1995ರಲ್ಲಿ ಚೆಚೆನ್ ಬಂಡುಕೋರರು ಮಾಸ್ಕೋದ ಪಾರ್ಕೊಂದರಲ್ಲಿ ಸೀಸಿಯಂ ಎಂಬ ವಿಕಿರಣಶೀಲ ವಸ್ತುವನ್ನು ಹೂತಿಟ್ಟು ಬೆದರಿಸಿದ್ದರು. ಹಾಗಾಗಿ ನಮಗೆ ಸಿಕ್ಕಿರುವ ಪಾಠಗಳೆಲ್ಲ ಅಪಘಾತಗಳವು, ಅದರಲ್ಲೂ ಗುಜರಿ ಅಂಗಡಿಯವು.

1987ರಲ್ಲಿ ಬ್ರೆಜಿಲಿನ ಗೊಯಾನಿಯಾದಲ್ಲಿ ಪಾಳುಬಿದ್ದ ಚಿಕಿತ್ಸಾಲಯದ ಯಂತ್ರವೊಂದು ಗುಜರಿ ಸೇರಿತು. ಒಳಗಿದ್ದ ಸೀಸಿಯಂ-137 ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು; ಜನ ಹಂಚಿಕೊಂಡು ಮನೆಗೊಯ್ದರು, ಮೈಗೆ ಬಳಿದುಕೊಂಡರು. ನಾಲ್ವರು ಸತ್ತರು. ಆಮೇಲಿನ ಲೆಕ್ಕವೇ ಮುಖ್ಯ: ಹೆದರಿ ಬಂದು ಸ್ಟೇಡಿಯಮ್ಮಿನಲ್ಲಿ ತಪಾಸಣೆ ಮಾಡಿಸಿಕೊಂಡವರು ಸುಮಾರು 1,12,000 ಮಂದಿ, ಧೂಳು ತಾಗಿದ್ದು 249 ಮಂದಿಗೆ. ನಮ್ಮಲ್ಲೂ 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿಗೆ ಹಳೆಯ ಗ್ಯಾಮಾ ಕಿರಣ ಉಪಕರಣದ ವಿಕಿರಣಶೀಲ ಕೋಬಾಲ್ಟ್-60 ಬಂದು ಒಬ್ಬ ಕಾರ್ಮಿಕ ತೀರಿಕೊಂಡ.

ಕಿರಣ ತಾಗುವುದು ಬೇರೆ, ಧೂಳು ಅಂಟುವುದು ಬೇರೆ. ಬಿಸಿಲಲ್ಲಿ ನಿಂತು ಬಂದವನನ್ನು ಮುಟ್ಟಿದರೆ ನಮಗೆ ಬಿಸಿಲು ತಾಗದು. ಗದ್ದೆಯ ಕೆಸರು ಮೆತ್ತಿಕೊಂಡು ಬಂದವನನ್ನು ಮುಟ್ಟಿದರೆ ಕೆಸರು ತಾಗುತ್ತದೆ, ತೊಳೆದರೆ ಹೋಗುತ್ತದೆ. ಎಕ್ಸ್-ರೇ ತೆಗೆಸಿಕೊಂಡವರು ಮೊದಲ ಜಾತಿ, ಡರ್ಟಿ ಬಾಂಬಿನ ಹೆಚ್ಚಿನ ಸಂತ್ರಸ್ತರು ಎರಡನೆಯದು. ಇದು ಗೊತ್ತಿಲ್ಲದೆ ಗಾಯಾಳುವನ್ನು ಮುಟ್ಟಲು ಹಿಂಜರಿಯುವವರಿಂದಲೇ ಹೆಚ್ಚು ಅನಾಹುತ. ರಕ್ತ ಸೋರುತ್ತಿದ್ದರೆ ಮೊದಲು ರಕ್ತ ನಿಲ್ಲಿಸಬೇಕು, ತೊಳೆಯುವುದು ಆಮೇಲೆ. ಗಾಯಾಳುವನ್ನು ಬೆಡ್‌ಶೀಟಿನಲ್ಲಿ ಸುತ್ತಿ ಸಾಗಿಸಿದರೆ ಧೂಳು ಅದರೊಳಗೇ ಉಳಿಯುತ್ತದೆ. ಎತ್ತುವವರಿಗೆ ಕೈಗವಸು, ಮಾಸ್ಕ್ ಸಾಕು.

ನಮ್ಮ ಕಾಸರಗೋಡಿನ ಹೆದ್ದಾರಿ ಬದಿಯ ಪೇಟೆಯಲ್ಲಿ ಸ್ಫೋಟವಾಯಿತು ಎಂದಿಟ್ಟುಕೊಳ್ಳಿ. ಬಾಂಬಿನ ಶಂಕೆಯಿದ್ದರೆ ಸುತ್ತಲೂ ಕನಿಷ್ಠ 400 ಮೀಟರ್ ದೂರದೊಳಗೆ ಯಾರನ್ನೂ ಬಿಡಬಾರದು ಎನ್ನುತ್ತದೆ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಕೈಪಿಡಿ. ಸ್ಫೋಟವಿಲ್ಲದೆ ವಿಕಿರಣದ ಮೂಲವಷ್ಟೇ ತೆರೆದು ಬಿದ್ದಿದ್ದರೆ 30 ಮೀಟರ್. 30 ಮೀಟರ್ ಕಡಿಮೆಯೆನಿಸಬಹುದು. ಆದರೆ ದೂರ ಎರಡರಷ್ಟಾದರೆ ಕಿರಣದ ತೀವ್ರತೆ ನಾಲ್ಕರಲ್ಲೊಂದಾಗುತ್ತದೆ, ಮೂರರಷ್ಟಾದರೆ ಒಂಬತ್ತರಲ್ಲೊಂದು. ಒಂದು ಮೀಟರಿನಲ್ಲಿ ಇದ್ದದ್ದು 30 ಮೀಟರಿನಲ್ಲಿ 900ರಲ್ಲೊಂದು ಪಾಲು.

ಹತ್ತಿರದಲ್ಲಿದ್ದವರು ಬಾಯಿ-ಮೂಗಿಗೆ ಮಡಿಸಿದ ಬೈರಾಸು ಹಿಡಿದು ಸಿಕ್ಕಿದ ಗಟ್ಟಿ ಕಟ್ಟಡದೊಳಗೆ ಹೋಗಬೇಕು. ಬೈಕು ಹತ್ತಿ ಮಂಗಳೂರಿನ ದಾರಿ ಹಿಡಿಯುವುದು ತಪ್ಪು; ದಾರಿಯುದ್ದ ಧೂಳು ಕುಡಿಯುತ್ತ, ಆಂಬುಲೆನ್ಸಿಗೂ ಅಡ್ಡವಾಗುತ್ತೀರಿ. ಕೋಬಾಲ್ಟ್-60ರ ಕಿರಣವನ್ನು ಅರ್ಧಕ್ಕಿಳಿಸಲು ಸುಮಾರು 6 ಸೆಂ.ಮೀ. ಕಾಂಕ್ರೀಟು ಸಾಕು. ನಮ್ಮ ಕೆಂಪುಕಲ್ಲು ಕಾಂಕ್ರೀಟಿಗಿಂತ ಹಗುರ, ಆದರೆ ಗೋಡೆ ದಪ್ಪ, ಆದ್ದರಿಂದ ನಂಬಬಹುದು. ನಂಬಲಾಗದ್ದು ಹಂಚಿನ ಮಾಡು: ಸಂದುಗಳಲ್ಲಿ ಗಾಳಿಯ ಜೊತೆ ಪುಡಿಯೂ ಇಳಿಯುತ್ತದೆ. ತಾರಸಿ ಅಥವಾ ಮುಚ್ಚಿಗೆಯಿರುವ ನಡುಕೋಣೆಯಿದ್ದರೆ ಅಲ್ಲಿ ಕೂರಿ. ಕಿಟಕಿ ಮುಚ್ಚಿ, ಫ್ಯಾನು, ಏಸಿ ಆರಿಸಿ, ಬಾಗಿಲಿನಡಿ ಒದ್ದೆ ಬಟ್ಟೆ ಒತ್ತಿ.

ಹೊರಗಿದ್ದವರು ಒಳಗೆ ಕಾಲಿಡುವ ಮೊದಲೇ ಬಟ್ಟೆ ಕಳಚಬೇಕು. ಮೇಲುಬಟ್ಟೆ, ಚಪ್ಪಲಿ ತೆಗೆದರೇ ಮೈಮೇಲಿನ ಧೂಳಿನ 90 ಶೇಕಡದವರೆಗೆ ಹೋಗುತ್ತದೆ. ಯಾವ ಔಷಧಿಯೂ ಇಷ್ಟು ಅಗ್ಗದಲ್ಲಿ ಇಷ್ಟು ಕೆಲಸ ಮಾಡದು. ಕೆಲಸ ಕೆಡುವುದು ಟೀ-ಶರ್ಟಿನಲ್ಲಿ. ತಲೆಯ ಮೇಲಿಂದ ಎಳೆದರೆ ಎದೆಯ ಮೇಲಿದ್ದ ಧೂಳೆಲ್ಲ ಮೂಗು-ಬಾಯಿಗೆ ಉಜ್ಜುತ್ತದೆ. ಕತ್ತರಿಯಿಂದ ಮುಂದೆ ಸೀಳಿ, ಹೊರಮೈ ಒಳಗಾಗುವಂತೆ ಸುರುಳಿ ಸುತ್ತುತ್ತ ತೆಗೆಯಿರಿ. ಲುಂಗಿ, ಸೀರೆಯನ್ನು ಕೊಡವಬೇಡಿ. ಎಲ್ಲವನ್ನೂ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಮಕ್ಕಳು, ನಾಯಿ ಸುಳಿಯದ ಮೂಲೆಯಲ್ಲಿಡಿ. ಸುಡಬೇಡಿ. ಬೆಂಕಿಗೆ ಸೀಸಿಯಂ ನಾಶವಾಗುವುದಿಲ್ಲ, ಹೊಗೆಯಾಗಿ ಮತ್ತೆ ಊರಿಗೇ ಹರಡುತ್ತದೆ.

ಆಮೇಲೆ ಬಚ್ಚಲು. ಉಗುರುಬೆಚ್ಚಗಿನ ನೀರು, ಮಾಮೂಲಿ ಸಾಬೂನು. ಹಂಡೆಯ ಕುದಿನೀರು ಬೇಡ, ನಾರಿನಿಂದ ತಿಕ್ಕುವುದೂ ಬೇಡ, ಚರ್ಮ ತರಚಿದರೆ ಹೊರಗಿದ್ದದ್ದಕ್ಕೆ ಒಳಗೆ ಹೋಗಲು ದಾರಿಯಾಗುತ್ತದೆ. ಮೊದಲು ತಲೆ, ಮುಂದಕ್ಕೆ ಬಾಗಿ ತೊಳೆಯಿರಿ. ಕಣ್ಣು, ಬಾಯಿಗೆ ನೀರಿಳಿಯಬಾರದು. ಕಂಡಿಷನರ್ ಹಾಕಿದರೆ ಕಣಗಳು ಕೂದಲಿಗೆ ಅಂಟಿ ಕೂರುತ್ತವೆ. ಎಣ್ಣೆ ಹಚ್ಚಿ ಮೀಯುವ ಅಭ್ಯಾಸವನ್ನೂ ಆ ದಿನಕ್ಕೆ ಬಿಡಿ. ಮೂಗು ಸೀನಿ, ಕಿವಿ ಒರೆಸಿ, ಉಗುರಿನ ಸಂದು ತೊಳೆಯಿರಿ. ಬಚ್ಚಲ ನೀರು ಹಿತ್ತಿಲ ಬಾಳೆಬುಡಕ್ಕೆ ಹೋಗುತ್ತದಲ್ಲ ಎಂದು ಮೀಯುವುದನ್ನು ಮುಂದೂಡಬೇಡಿ. ಬುಡದ ಮಣ್ಣನ್ನು ಪರೀಕ್ಷಿಸುವವರೆಗೆ ಆ ಗೊನೆ ಕಡಿಯದಿದ್ದರಾಯಿತು.

ನೀರಿನ ವಿಷಯದಲ್ಲಿ ಕಾಸರಗೋಡಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುತ್ತಿದ್ದ ದಶಕಗಳನ್ನು ಇಲ್ಲಿನ ಎಣ್ಮಕಜೆ ಊರಿನ ಹಿರಿಯರು ಮರೆತಿಲ್ಲ. ಮೇಲಿಂದ ಬೀಳುವ ಕಾಣದ ವಿಷಕ್ಕೆ ತೆರೆದ ಬಾವಿ ಎಂದರೇನೆಂದು ಅವರಿಗೆ ಗೊತ್ತು. ಬಾವಿಗೆ ಟಾರ್ಪಾಲು ಹೊದಿಸಿಡಿ, ಮನೆಯೊಳಗೆ ಮುಚ್ಚಿಟ್ಟ ಕೊಡಪಾನದ ನೀರನ್ನು ಮೊದಲು ಬಳಸಿ. ಗುಡ್ಡದೊಳಗಿಂದ ಹರಿದು ಬರುವ ಸುರಂಗದ ಧಾರೆಗೆ ಧೂಳು ನೇರವಾಗಿ ಬೀಳುವುದಿಲ್ಲ. ಆದರೆ ಅದು ತುಂಬುವ ಹೊರಗಿನ ಮಣ್ಣಿನ ಕೆರೆ ಬಾನಿಗೆ ತೆರೆದೇ ಇರುತ್ತದೆ, ಆ ನೀರು ಬೇಡ. ಹಸುಗಳನ್ನು ಹಟ್ಟಿಯಲ್ಲಿ ಕಟ್ಟಿ ಒಳಗಿದ್ದ ಬೈಹುಲ್ಲು ಹಾಕಿ. ಹಸಿಹುಲ್ಲಿನ ಮೇಲಿನ ಸೀಸಿಯಂ ಹಾಲಿಗೆ ಬರುತ್ತದೆ. ಅಂಗಳದಲ್ಲಿ ಒಣಗುತ್ತಿರುವ ಅಡಕೆ ಅಲ್ಲೇ ಇರಲಿ, ಬಾಚಲು ಇಳಿದರೆ ಕೂತ ಧೂಳು ಮತ್ತೆ ಏಳುತ್ತದೆ.

ಮಾತ್ರೆಯ ಬಗ್ಗೆ ಎರಡೇ ಮಾತು. ಪೊಟ್ಯಾಸಿಯಂ ಅಯೊಡೈಡ್ ತಡೆಯುವುದು ವಿಕಿರಣಶೀಲ ಅಯೋಡಿನ್ ಒಂದನ್ನೇ. ಸೀಸಿಯಂ, ಕೋಬಾಲ್ಟಿಗೆ ಅದು ನಿಷ್ಪ್ರಯೋಜಕ. ಅಯೋಡಿನ್ ಇದೆಯೆಂದು ಗಾಯಕ್ಕೆ ಹಚ್ಚುವ ಟಿಂಚರನ್ನು ಕುಡಿದರಂತೂ ವಿಷ. ಸೀಸಿಯಂ ಹೊಟ್ಟೆಗೆ ಹೋದವರಿಗೆ ಪ್ರಷಿಯನ್ ಬ್ಲೂ ಎಂಬ ಔಷಧವಿದೆ, ಗೊಯಾನಿಯಾದಲ್ಲಿ 46 ಮಂದಿಗೆ ಕೊಟ್ಟಿದ್ದರು. ಅದನ್ನು ವೈದ್ಯರೇ ಕೊಡಬೇಕು. ಬಟ್ಟೆಗೆ ಹಾಕುವ ನೀಲಿ ಅಲ್ಲ.

ಎಷ್ಟು ಹೊತ್ತು ಒಳಗಿರಬೇಕೆಂದು ವಿಕಿರಣದ ಮೀಟರು ಹಿಡಿದು ಅಳೆದವರೇ ಹೇಳಬೇಕು. ಹಾಗಾಗಿ ಬ್ಯಾಟರಿ ರೇಡಿಯೋ ಒಂದಿರಲಿ. ಇನ್ನು ಆಡಳಿತದವರ ಪಾಲಿನ ಕೆಲಸ: ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಮೈಕು ಕಟ್ಟಿದ ಜೀಪು ಮಲಯಾಳದಲ್ಲಿ ಮಾತ್ರ ಕೂಗುತ್ತ ಹೋದರೆ ಮೂಲೆಮನೆಯ ಅಜ್ಜಿ ಏನು ಸದ್ದೆಂದು ನೋಡಲು ಅಂಗಳಕ್ಕೇ ಇಳಿಯುತ್ತಾರೆ. "ಒಳಗೆ ಹೋಗಿ, ಬಟ್ಟೆ ಬದಲಿಸಿ, ಬಾವಿ ನೀರು ಮುಟ್ಟಬೇಡಿ" ಎಂಬಿಷ್ಟನ್ನು ಕನ್ನಡ, ತುಳುವಿನಲ್ಲಿ ಈಗಲೇ ರೆಕಾರ್ಡು ಮಾಡಿಟ್ಟುಕೊಳ್ಳಲು ಹತ್ತು ನಿಮಿಷ ಸಾಕು.