ಮುಟ್ಟಿದರೆ ಕೈ ಮೈಲಿಗೆ: ಯೆಹೂದಿ ಧರ್ಮಗ್ರಂಥಗಳು ಒಂದುಗೂಡಿದ್ದು ಹೀಗೆ

ಪವಿತ್ರ ಗ್ರಂಥ ಮುಟ್ಟಿದರೆ ಕೈ ಮೈಲಿಗೆಯಾಗುತ್ತದೆ. ಕೇಳಿದರೆ ಉಲ್ಟಾ ಅನ್ನಿಸುತ್ತದೆ, ಅಲ್ವಾ? ಕ್ರಿ.ಶ. 200ರ ಸುಮಾರಿಗೆ ಸಿದ್ಧವಾದ ಮಿಶ್ನಾ ಎಂಬ ನಿಯಮಗಳ ಸಂಗ್ರಹದಲ್ಲಿ ಯೆಹೂದಿ ಗುರುಗಳ ನಿಯಮ ಹೀಗೇ ಇದೆ. ಯಾಜಕರಿಗೆಂದು ಎತ್ತಿಟ್ಟ ಧಾನ್ಯವೂ ಪವಿತ್ರ, ಗ್ರಂಥದ ಸುರುಳಿಯೂ ಪವಿತ್ರ ಎಂದು ಜನ ಎರಡನ್ನೂ ಒಟ್ಟಿಗೆ ಇಡುತ್ತಿದ್ದರಂತೆ. ಧಾನ್ಯಕ್ಕೆ ಬಂದ ಇಲಿ ಸುರುಳಿಯನ್ನೂ ಕಡಿಯುತ್ತಿತ್ತು. ಬೇರೆ ಬೇರೆ ಇಡಲಿ ಎಂದೇ ಈ ಮೈಲಿಗೆ. ಹಾಗಾಗಿ ಒಂದು ಪುಸ್ತಕ ಪವಿತ್ರವೋ ಅಲ್ಲವೋ ಎಂದು ಕೇಳಬೇಕಾದರೆ, ಅದು ಕೈಯನ್ನು ಮೈಲಿಗೆ ಮಾಡುತ್ತದೆಯೇ ಎಂದು ಕೇಳುತ್ತಿದ್ದರು.

ಆ ಹೊತ್ತಿಗೆ ಬಹುಪಾಲು ಪುಸ್ತಕಗಳ ಬಗ್ಗೆ ತಕರಾರೇ ಉಳಿದಿರಲಿಲ್ಲ. ಕತೆ ಅದಕ್ಕಿಂತ ಸುಮಾರು ಎಂಟು ಶತಮಾನ ಹಿಂದಿನದು. ಕ್ರಿ.ಪೂ. 622ರ ಸುಮಾರಿಗೆ, ಯೋಷೀಯ ರಾಜನ ಕಾಲದಲ್ಲಿ, ಯೆರೂಸಲೇಮಿನ ದೇವಾಲಯದ ರಿಪೇರಿ ನಡೆದಾಗ ಒಂದು ಧರ್ಮಶಾಸ್ತ್ರದ ಸುರುಳಿ ಸಿಕ್ಕಿತು ಎನ್ನುತ್ತದೆ ಬೈಬಲ್. ಅದರ ಬಗ್ಗೆ ದೇವರ ಮಾತೇನು ಎಂದು ಕೇಳಲು ಹೋದದ್ದು ಹುಲ್ದಾ ಎಂಬ ಪ್ರವಾದಿನಿಯ ಬಳಿಗೆ. ಈ ವಿವರ ನನಗೆ ತುಂಬಾ ಇಷ್ಟ.

ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿನವರು ದೇವಾಲಯವನ್ನು ಸುಟ್ಟರು. ಬಲಿಪೀಠ ಹೋಯಿತು, ಬರಹ ಉಳಿಯಿತು. ಬ್ಯಾಬಿಲೋನಿನ ಸೆರೆಯಿಂದ ಮರಳಿದವರಿಗೆ ಎಜ್ರ ಎಂಬ ಧರ್ಮಶಾಸ್ತ್ರಿ ಮರದ ಅಟ್ಟದ ಮೇಲೆ ನಿಂತು ಬೆಳಗಿನಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರ ಓದಿ ಹೇಳಿದ. ಮೋಶೆಯ ಐದು ಪುಸ್ತಕಗಳ ತೋರಾ ಮೊದಲು ನೆಲೆ ನಿಂತಿತು. ಆಮೇಲೆ ಪ್ರವಾದಿಗಳ ಪುಸ್ತಕಗಳು. ಕ್ರಿ.ಪೂ. 2ನೇ ಶತಮಾನದ ಕೊನೆಗೆ ಈಜಿಪ್ಟಿನಲ್ಲಿ ಬರೆದ ಒಂದು ಮುನ್ನುಡಿ ಧರ್ಮಶಾಸ್ತ್ರ, ಪ್ರವಾದಿಗಳು ಮತ್ತು 'ಉಳಿದ ಪುಸ್ತಕಗಳು' ಎನ್ನುತ್ತದೆ. ಮೂರನೆಯದಕ್ಕೆ ಇನ್ನೂ ಒಂದು ಹೆಸರಿರಲಿಲ್ಲ.

ಆಗ ಬೈಂಡು ಮಾಡಿದ ಒಂದೇ ಪುಸ್ತಕ ಇರಲಿಲ್ಲ ಎಂಬುದನ್ನು ಮರೆಯಬಾರದು. 1947ರಿಂದ ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಗಳಲ್ಲಿ ಸಿಕ್ಕ, ಪ್ರವಾದಿ ಯೆಶಾಯನ ದೊಡ್ಡ ಸುರುಳಿಯನ್ನೇ ನೋಡಿ: 17 ತೊಗಲಿನ ಹಾಳೆಗಳನ್ನು ಹೊಲಿದದ್ದು, ಉದ್ದ ಏಳು ಮೀಟರಿಗಿಂತ ಜಾಸ್ತಿ. ಬಿಟ್ಟುಹೋದ ಪದಗಳನ್ನು ಸಾಲುಗಳ ನಡುವೆ ತುರುಕಿದ್ದಾರೆ. ಒಂದೊಂದೂ ಬಿಡಿ ಸುರುಳಿಯಾದಾಗ ಎಲ್ಲಿ ಶುರು, ಎಲ್ಲಿ ಕೊನೆ ಎಂದು ಗೆರೆ ಎಳೆಯುವ ಅವಸರ ಯಾರಿಗಿತ್ತು? ಅದೇ ಗುಹೆಗಳಲ್ಲಿ, ಇಂದು ಪಟ್ಟಿಯಲ್ಲಿರುವ ಎಸ್ತೇರಳ ಪುಸ್ತಕದ ಒಂದು ಚೂರೂ ಸಿಕ್ಕಿಲ್ಲ. ಪಟ್ಟಿಯಲ್ಲಿಲ್ಲದ ಹನೋಕನ ಪುಸ್ತಕ ಮಾತ್ರ ಹಲವು ಪ್ರತಿಗಳಲ್ಲಿ ಸಿಕ್ಕಿದೆ.

ಕ್ರಿ.ಶ. 70ರಲ್ಲಿ ರೋಮನ್ನರು ಮತ್ತೆ ಕಟ್ಟಿದ್ದ ಎರಡನೇ ದೇವಾಲಯವನ್ನೂ ಕೆಡವಿದರು. ಆ ಶತಮಾನದ ಕೊನೆಗೆ ಇತಿಹಾಸಕಾರ ಜೋಸೀಫಸ್ 22 ಪುಸ್ತಕ ಎಂದು ಎಣಿಸುತ್ತಾನೆ. ಇನ್ನೊಂದು ಲೆಕ್ಕ 24. ಯವ್ನೆ ಊರಿನಲ್ಲಿ ಸಭೆ ಸೇರಿ ಪಟ್ಟಿ ಮುಗಿಸಿದರು ಎಂದು ಬಹುಕಾಲ ನಂಬಲಾಗಿತ್ತು. ಅಂಥ ತೀರ್ಮಾನಕ್ಕೆ ಪುರಾವೆಯಿಲ್ಲ. ಗುರುಗಳು ವಾದಿಸಿದ್ದು ಕೆಲವೇ ಪುಸ್ತಕಗಳ ಬಗ್ಗೆ, ಮುಖ್ಯವಾಗಿ ಪ್ರಸಂಗಿ ಮತ್ತು ಪರಮಗೀತೆ. ಪ್ರೇಮದ ಹಾಡು ಕೈಯನ್ನು ಮೈಲಿಗೆ ಮಾಡೀತೇ? ರಬ್ಬಿ ಅಕೀವ ಬಿಡಲಿಲ್ಲ. ಎಲ್ಲ ಬರಹಗಳೂ ಪವಿತ್ರ, ಪರಮಗೀತೆಯಂತೂ ಪವಿತ್ರಗಳಲ್ಲೇ ಅತಿ ಪವಿತ್ರ ಎಂದ.

ಹನೋಕ ಆ ಪಟ್ಟಿಗೆ ಸೇರಲಿಲ್ಲ. ಆದರೆ ದೂರದ ಇಥಿಯೋಪಿಯಾದ ಬೀಟಾ ಇಸ್ರೇಲ್ ಯೆಹೂದಿಗಳು ಅಲ್ಲಿನ ಹಳೆಯ ಗೀಜ್ ಭಾಷೆಯಲ್ಲಿ ಅವನ ಪುಸ್ತಕವನ್ನು ಓದುತ್ತಲೇ ಬಂದರು.